ಮೌನವು ಸಮ್ಮತಿಯ ಲಕ್ಷಣವೇ?



‘ಮೌನವು ಸಮ್ಮತಿಯ ಲಕ್ಷಣ’ ಎಂಬ ಮಾತನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಸಭೆಯಲ್ಲಿ ಠರಾವನ್ನು ಮಂಡಿಸಿದಾಗ ಯಾರೂ ಎದ್ದು ನಿಲ್ಲದಿದ್ದರೆ ಅಧ್ಯಕ್ಷರು ಇದನ್ನೇ ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ವರನ ಕಡೆಯವರ ಮುಂದೆ ತಲೆತಗ್ಗಿಸಿ ಕುಳಿತ ಹುಡುಗಿಯ ವಿಷಯದಲ್ಲಿಯೂ ಮನೆಯ ಹಿರಿಯರು ಇದನ್ನೇ ಹೇಳುತ್ತ ಬಂದಿದ್ದಾರೆ. ವ್ಯವಹಾರದ ಅನುಕೂಲಕ್ಕಾಗಿ ಹುಟ್ಟಿಕೊಂಡ ಈ ಮಾತು ನ್ಯಾಯಪೀಠವನ್ನೇರಿದಾಗ ಏನಾಯಿತು, ಅಲ್ಲಿಂದ ಅದನ್ನು ಕೆಳಗಿಳಿಸಲು ಈ ದೇಶದ ಸ್ತ್ರೀಯರು ಎಷ್ಟು ಕಾಲ ಹೋರಾಡಬೇಕಾಯಿತು ಎಂಬುದೇ ಈ ಲೇಖನದ ವಸ್ತು. ಲೆಕ್ಕ ಹಾಕಿ ಹೇಳುವುದಾದರೆ 1978ರಿಂದ 2013ರವರೆಗೆ, ಮೂವತ್ತೈದು ವರ್ಷ.

ಇಂಥ ವಿಷಯವು ಮಠದ ಪತ್ರಿಕೆಗೆ ಉಚಿತವೇ ಎಂದು ಕೆಲವರಿಗೆ ಸಂಕೋಚವೆನಿಸಬಹುದು. ಆದರೆ ಈ ಪುಟಗಳನ್ನು ಓದುವವರು ಯಾರೆಂಬುದನ್ನು ನಾವು ಬಲ್ಲೆವು. ನಿಮ್ಮಲ್ಲಿ ಮುಖ್ಯೋಪಾಧ್ಯಾಯರಿದ್ದೀರಿ, ವಸತಿನಿಲಯಗಳನ್ನು ನೋಡಿಕೊಳ್ಳುವವರಿದ್ದೀರಿ, ವಕೀಲರು, ವೈದ್ಯರು, ಪಂಚಾಯತಿಯ ಸದಸ್ಯರು, ಪೊಲೀಸ್ ಇಲಾಖೆಯಲ್ಲಿ ದುಡಿದವರು ಇದ್ದೀರಿ. ಪರರ ಮೌನಕ್ಕೆ ಅರ್ಥ ಹೇಳುವ ಅಧಿಕಾರ ಒಂದಲ್ಲ ಒಂದು ಬಗೆಯಲ್ಲಿ ನಿಮ್ಮೆಲ್ಲರ ಕೈಗೂ ಬಂದಿದೆ. ನಮ್ಮ ಕೈಗಂತೂ ಬಂದೇ ಇದೆ.

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ದೇಸಾಯಿಗಂಜ್ ಎಂಬ ಊರು. 1982ರಲ್ಲಿ ಜಿಲ್ಲೆ ಒಡೆದ ಮೇಲೆ ಅದು ಗಡಚಿರೋಲಿಗೆ ಸೇರಿತು. ಸುತ್ತಲೂ ಅಡವಿ, ಆದಿವಾಸಿಗಳ ನೆಲೆ. ಅಲ್ಲಿ ತಂದೆತಾಯಿಗಳಿಲ್ಲದ ಒಬ್ಬ ಆದಿವಾಸಿ ಹುಡುಗಿ, ಅಣ್ಣನ ಆಶ್ರಯದಲ್ಲಿದ್ದು, ಕೂಲಿ ಮಾಡಿ ಬದುಕುತ್ತಿದ್ದಳು. ಆಕೆಯ ವಯಸ್ಸು ಹದಿನಾಲ್ಕರಿಂದ ಹದಿನಾರರ ನಡುವೆ ಎಂದು ವೈದ್ಯರು ಅಂದಾಜು ಮಾಡಿದರು. ಒಬ್ಬ ಯುವಕನನ್ನು ಮದುವೆಯಾಗುವ ಇಚ್ಛೆ ಆಕೆಗಿತ್ತು. ಅಣ್ಣನಿಗೆ ಅದು ಒಪ್ಪಿಗೆಯಾಗದೆ, ತಂಗಿಯನ್ನು ಅಪಹರಿಸಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟನು. 1972ರ ಮಾರ್ಚ್ 26ರ ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಿ ಹೇಳಿಕೆಗಳನ್ನು ಬರೆದುಕೊಂಡರು. ಹತ್ತೂವರೆಯ ಸುಮಾರಿಗೆ ಎಲ್ಲರೂ ಮನೆಗೆ ಹೊರಟಾಗ ಅಲ್ಲಿದ್ದ ಒಬ್ಬ ಕಾನ್‌ಸ್ಟೇಬಲ್ ಹುಡುಗಿಯನ್ನು ಮಾತ್ರ ಒಳಗೆ ಉಳಿಸಿಕೊಂಡನು. ಉಳಿದವರು ಹೊರಗೆ ಕಾಯುತ್ತ ನಿಂತರು. ಠಾಣೆಯ ದೀಪಗಳು ಆರಿದವು, ಬಾಗಿಲು ಮುಚ್ಚಿತು. ಹೊರಗೆ ಜನ ಗುಂಪುಗೂಡಿದರು. ಕೊನೆಗೆ ಹೊರಬಂದ ಹುಡುಗಿ ತನ್ನ ಮೇಲೆ ಬಲಾತ್ಕಾರ ನಡೆಯಿತೆಂದು ಅಲ್ಲಿಯೇ, ಆಗಲೇ ಹೇಳಿದಳು. ಆಪಾದನೆ ಆ ಕಾನ್‌ಸ್ಟೇಬಲ್‌ನ ಮೇಲೂ ಒಬ್ಬ ಹೆಡ್ ಕಾನ್‌ಸ್ಟೇಬಲ್‌ನ ಮೇಲೂ ಬಂದಿತು.

ದೇಶವೆಲ್ಲ ಈ ಮೊಕದ್ದಮೆಯನ್ನು ಆ ಹುಡುಗಿಯ ಹೆಸರಿನಿಂದಲೇ ಕರೆಯುತ್ತದೆ. ನೊಂದವಳ ಹೆಸರನ್ನು ಅಚ್ಚು ಹಾಕಬಾರದೆಂಬ ಕಾನೂನು ಬಂದದ್ದು ಆಮೇಲೆ, 1983ರಲ್ಲಿ. ಅದು ಬರಲು ಕಾರಣವಾದ ಹೋರಾಟ ಹೊತ್ತಿಕೊಂಡದ್ದು ಆಕೆಯಿಂದಲೇ. ಆ ರಕ್ಷಣೆಯ ಫಲ ಆಕೆಗೆ ಮಾತ್ರ ಸಿಗಲಿಲ್ಲ. ಆದುದರಿಂದ ನಾವು ಇಲ್ಲಿ ಊರಿನ ಹೆಸರಿನಿಂದಲೇ ಈ ಪ್ರಕರಣವನ್ನು ಕರೆಯುತ್ತೇವೆ.

1974ರ ಜೂನ್ 1ರಂದು ಚಂದ್ರಪುರದ ಸೆಷನ್ಸ್ ನ್ಯಾಯಾಧೀಶರು ಇಬ್ಬರನ್ನೂ ಬಿಡುಗಡೆ ಮಾಡಿದರು. ಹುಡುಗಿ ಸುಳ್ಳುಗಾರ್ತಿ, ಪುರುಷಸಂಗದ ಪರಿಚಯವುಳ್ಳವಳು, ಹೊರಗೆ ನಿಂತ ಜನರ ಮುಂದೆ ಮಾನ ಉಳಿಸಿಕೊಳ್ಳಲು ಬಲಾತ್ಕಾರವೆಂದು ಹೇಳಿದಳು ಎಂಬುದು ಅವರ ತರ್ಕ. 1976ರ ಅಕ್ಟೋಬರ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ಇದನ್ನು ತಿರುವಿಹಾಕಿತು. ಭಯದಿಂದ ಅಸಹಾಯವಾಗಿ ಒಳಗಾಗುವುದು ಬೇರೆ, ಇಚ್ಛೆಯಿಂದ ಒಪ್ಪುವುದು ಬೇರೆ. ಪೊಲೀಸರು ಆಕೆಗೆ ಅಪರಿಚಿತರು, ಆಕೆಯಾಗಿಯೇ ಅವರನ್ನು ಬಯಸಿದಳೆಂಬುದು ನಂಬತಕ್ಕ ಮಾತಲ್ಲ ಎಂದು ಹೇಳಿ, ಕಾನ್‌ಸ್ಟೇಬಲ್‌ನಿಗೆ ಐದು ವರ್ಷ, ಹೆಡ್ ಕಾನ್‌ಸ್ಟೇಬಲ್‌ನಿಗೆ ಒಂದು ವರ್ಷ ಸಜೆ ವಿಧಿಸಿತು. 1978ರ ಸೆಪ್ಟೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನೂ ರದ್ದು ಮಾಡಿ ಇಬ್ಬರನ್ನೂ ಬಿಡುಗಡೆ ಮಾಡಿತು. ತೀರ್ಪಿನ ಕಾರಣಗಳನ್ನು ವಾಚಕರು ಅವಧಾನವಿಟ್ಟು ಕೇಳಬೇಕು. ಆಕೆಯ ಮೈಮೇಲೆ ಗಾಯದ ಗುರುತುಗಳಿರಲಿಲ್ಲ. ಆದ್ದರಿಂದ ಆಕೆ ಪ್ರತಿಭಟಿಸಿದಳೆಂಬುದು ಸುಳ್ಳು. ಕಾನ್‌ಸ್ಟೇಬಲ್ ಕೈಹಿಡಿದಾಗ ಬಳಿಯಲ್ಲಿದ್ದ ತನ್ನವರನ್ನು ಆಕೆ ಕೂಗಿ ಕರೆಯಲಿಲ್ಲ, ಆದ್ದರಿಂದ ಒಪ್ಪಿಗೆಯಿತ್ತು. ಸಮ್ಮತಿಯನ್ನು ಕೆಡಿಸುವ ಭಯವೆಂದರೆ ಪ್ರಾಣದ ಅಥವಾ ಪೆಟ್ಟಿನ ಭಯವೆಂದು ದಂಡಸಂಹಿತೆ ಹೇಳುತ್ತದೆ. ಅಂಥ ಭಯ ಸಿದ್ಧವಾಗಿಲ್ಲ.

ಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ಹಳೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಲಕ್ಷಣಕ್ಕೆ ಮೂರು ದೋಷಗಳಿರಬಾರದೆಂದು ಕಲಿತಿದ್ದೀರಿ. ಕೊಂಬುಳ್ಳದ್ದೇ ಹಸು ಎಂದರೆ ಎಮ್ಮೆಗೂ ಕೊಂಬಿದೆ; ಅದು ಅತಿವ್ಯಾಪ್ತಿ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತಿಗೆ ಇದೇ ದೋಷ ಅಂಟಿದೆ. ಒಪ್ಪಿದವನು ಸುಮ್ಮನಿರಬಹುದು, ಹೆದರಿದವನೂ ಸುಮ್ಮನಿರುತ್ತಾನೆ, ಹೆದರಿದವನೇ ಹೆಚ್ಚು ಸುಮ್ಮನಿರುತ್ತಾನೆ. ‘ಮನ್’ ಎಂಬ ಧಾತುವಿನಿಂದ ಮತಿ; ಕೂಡಿ ಆಲೋಚಿಸಿ ಒಂದಾದದ್ದು ಸಮ್ಮತಿ. ಅದಕ್ಕೆ ಎರಡು ಮನಸ್ಸುಗಳು ಬೇಕು, ಬೇಡವೆನ್ನುವ ಸ್ವಾತಂತ್ರ್ಯ ಎರಡಕ್ಕೂ ಇರಬೇಕು. ನಡುರಾತ್ರಿ, ಮುಚ್ಚಿದ ಬಾಗಿಲಿನ ಠಾಣೆಯಲ್ಲಿ, ಸಮವಸ್ತ್ರದ ಎದುರು ನಿಂತ ಅನಾಥ ಬಾಲೆಗೆ ಆ ಸ್ವಾತಂತ್ರ್ಯವೆಲ್ಲಿತ್ತು? ಎಂಟನೆಯ ತರಗತಿಯ ಹುಡುಗನೂ ಕೇಳಬಹುದಾದ ಪ್ರಶ್ನೆಯಿದು. ದೇಶದ ಅತ್ಯುನ್ನತ ಪೀಠ ಅದನ್ನು ಕೇಳಿಕೊಳ್ಳಲಿಲ್ಲ.

ತೀರ್ಪು ಒಂದು ವರ್ಷ ಕಾನೂನು ವರದಿಗಳ ಹಾಳೆಯಲ್ಲಿ ಮಲಗಿತ್ತು. 1979ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ದೆಹಲಿ ವಿಶ್ವವಿದ್ಯಾಲಯದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಹಾಗೂ ಪುಣೆಯ ವಸುಧಾ ಧಾಗಂವಾರ್ ಎಂಬವರೇ ಆ ನಾಲ್ವರು. ಅವರ ಬಳಿ ಪಕ್ಷವಿರಲಿಲ್ಲ, ಹಣವಿರಲಿಲ್ಲ; ಪಾಠ ಹೇಳುವವರ ಲೇಖನಿಯಷ್ಟೇ ಇತ್ತು. ಅಧ್ಯಾಪಕ ವೃತ್ತಿಯಲ್ಲಿರುವ ನಮ್ಮ ವಾಚಕರು ಈ ಸಂಗತಿಯನ್ನು ಗಮನಿಸಲೆಂದು ಒತ್ತಿ ಹೇಳುತ್ತಿದ್ದೇವೆ. ಪತ್ರದಲ್ಲಿ ಅವರೆತ್ತಿದ ಒಂದು ಅಂಶ ಬಹಳ ತೀಕ್ಷ್ಣವಾದುದು. 1978ರ ಏಪ್ರಿಲ್‌ನಲ್ಲಿ, ಅಂದರೆ ದೇಸಾಯಿಗಂಜ್ ತೀರ್ಪಿಗೆ ಐದೇ ತಿಂಗಳ ಮೊದಲು, ಇದೇ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಸ್ತ್ರೀಯೊಬ್ಬಳನ್ನು ವಿಚಾರಣೆಗೆಂದು ಠಾಣೆಗೆ ಕರೆಸುವುದು ತಪ್ಪೆಂದು ಹೇಳಿದ್ದರು. ಆ ಸ್ತ್ರೀ ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿ. ಮುಖ್ಯಮಂತ್ರಿಯಾಗಿದ್ದವರ ವಿಷಯದಲ್ಲಿ ನೆನಪಾದ ತತ್ತ್ವ ಕೂಲಿಯವಳ ವಿಷಯದಲ್ಲಿ ಏಕೆ ಮರೆತುಹೋಯಿತು ಎಂಬ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು?

ಪತ್ರ ಪತ್ರಿಕೆಗಳಿಗೆ ತಲುಪಿತು. 1980ರ ಆರಂಭದಲ್ಲಿ ಮುಂಬಯಿಯಲ್ಲಿ ಸ್ತ್ರೀಯರು ಬಲಾತ್ಕಾರ ವಿರೋಧಿ ವೇದಿಕೆಯನ್ನು ಕಟ್ಟಿದರು. ಮಾರ್ಚ್ 8ರ ಮಹಿಳಾ ದಿನದಂದು ಹಲವು ನಗರಗಳಲ್ಲಿ ಬೀದಿಗಿಳಿದು, ತೀರ್ಪಿನ ಪುನರ್ವಿಮರ್ಶೆಯನ್ನು ಕೇಳಿದರು. ಬೆಂಗಳೂರಿನಲ್ಲಿ 1979ರಲ್ಲಿ ಆರಂಭವಾದ ‘ವಿಮೋಚನಾ’ ಈ ತಲೆಮಾರಿನ ಸಂಘಟನೆಯೇ. ಪುನರ್ವಿಮರ್ಶೆ ಸಿಗಲಿಲ್ಲ. ಆದರೆ ಅಲ್ಲಿಯವರೆಗೆ ಮನೆಯ ಒಳಕೋಣೆಯಲ್ಲಿ ಪಿಸುಮಾತಿನಲ್ಲಿ ಆಡಬೇಕಾಗಿದ್ದ ಮಾತು ಬೀದಿಯಲ್ಲಿ ಎತ್ತರದ ದನಿಯಲ್ಲಿ ಕೇಳಿಬಂದಿತು. ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ಈ ಅಪರಾಧಕ್ಕೆ ‘ಮಾನಭಂಗ’, ‘ಶೀಲಹರಣ’ ಎಂಬ ಶಬ್ದಗಳು ರೂಢಿಯಲ್ಲಿದ್ದವು. ಭಂಗವಾದ ಮಾನ ಯಾರದು? ಕಳ್ಳನು ಕದ್ದರೆ ಮನೆಯೊಡೆಯನ ಮಾನ ಹೋಯಿತೆನ್ನುವುದಿಲ್ಲ. ಇದೊಂದು ಅಪರಾಧದಲ್ಲಿ ಮಾತ್ರ ಅಪರಾಧಿಯ ಕಳಂಕವನ್ನು ನೊಂದವಳ ಹಣೆಗೆ ಹಚ್ಚುವ ಶಬ್ದಗಳನ್ನು ನಮ್ಮ ಭಾಷೆ ಸಾಕಿಕೊಂಡು ಬಂದಿತ್ತು.

ಈ ಇತಿಹಾಸದ ಒಂದು ತುಣುಕು ಕನ್ನಡನಾಡಿನ ನೆಲದಲ್ಲಿಯೂ ನಡೆದಿದೆ, ಹೆಚ್ಚಿನವರಿಗೆ ಅದರ ನೆನಪಿಲ್ಲ. 1978ರ ಮಾರ್ಚ್ ತಿಂಗಳ ಕೊನೆಯಲ್ಲಿ ಹೈದರಾಬಾದಿನ ನಲ್ಲಕುಂಟ ಠಾಣೆಯ ಪೊಲೀಸರು ಒಬ್ಬ ಬಡ ಮುಸ್ಲಿಂ ಸ್ತ್ರೀಯ ಮೇಲೆ ಬಲಾತ್ಕಾರ ಮಾಡಿದರೆಂದೂ, ರಿಕ್ಷಾ ಎಳೆಯುತ್ತಿದ್ದ ಆಕೆಯ ಪತಿಯನ್ನು ಹೊಡೆದರೆಂದೂ ಆಪಾದನೆ ಬಂದಿತು. ಪತಿ ಸತ್ತನು. ಊರೇ ಸಿಡಿದೆದ್ದು, ಗೋಲೀಬಾರು, ಕರ್ಫ್ಯೂಗಳಾದವು. ನ್ಯಾಯಮೂರ್ತಿ ಮುಕ್ತದರ್ ಅವರ ವಿಚಾರಣಾ ಆಯೋಗದ ಮುಂದೆ ಪೊಲೀಸರ ಕಡೆಯವರು ಹೂಡಿದ ವಾದವೆಂದರೆ ಆಕೆ ವೇಶ್ಯೆ ಎಂಬುದು. ಆಯೋಗವು ಪೊಲೀಸರೇ ತಪ್ಪಿತಸ್ಥರೆಂದು ಹೇಳಿತು. ಆಮೇಲೆ ಮೊಕದ್ದಮೆ ಆಂಧ್ರದಿಂದ ವರ್ಗವಾಗಿ ನಮ್ಮ ರಾಯಚೂರಿಗೆ ಬಂದಿತು. 1981ರಲ್ಲಿ ರಾಯಚೂರಿನ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. ಆಯೋಗದ ನಿರ್ಣಯ ನ್ಯಾಯಾಲಯದಲ್ಲಿ ಪ್ರಮಾಣವಾಗದು; ಇದು ಕಾನೂನು ಬಲ್ಲವರಿಗೆ ತಿಳಿದದ್ದೇ.

ಶೀಲದ ಪ್ರಶ್ನೆ ಎಲ್ಲಿಂದ ಬಂದಿತು? ನಮ್ಮ ಸ್ಮೃತಿಗಳನ್ನು ಬೈಯುವುದು ಸುಲಭ, ಅವು ಬೈಗುಳಕ್ಕೆ ಅರ್ಹವಾದ ಕಡೆಗಳೂ ಉಂಟು. ಆದರೆ 1862ರಿಂದ ಜಾರಿಗೆ ಬಂದ ದಂಡಸಂಹಿತೆ ಮತ್ತು 1872ರ ಸಾಕ್ಷ್ಯ ಅಧಿನಿಯಮಗಳು ಆಂಗ್ಲರು ಬರೆದವು. ಹದಿನೇಳನೆಯ ಶತಮಾನದ ಆಂಗ್ಲ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಎಂಬವನು, ಈ ಆಪಾದನೆ ಹೊರಿಸುವುದು ಸುಲಭ, ನಿರಪರಾಧಿ ತಪ್ಪಿಸಿಕೊಳ್ಳುವುದು ಕಷ್ಟ ಎಂದು ಎಚ್ಚರಿಸಿದ್ದನು. ಅವನ ಅನುಮಾನ ಸಮುದ್ರ ದಾಟಿ ಬಂದು ನಮ್ಮ ನ್ಯಾಯಾಲಯಗಳಲ್ಲಿ ನೆಲೆಸಿತು. ದೂರು ಕೊಟ್ಟವಳು ಸಾಮಾನ್ಯವಾಗಿ ದುರ್ನಡತೆಯವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಬಹುದೆಂದು ಸಾಕ್ಷ್ಯ ಅಧಿನಿಯಮವೇ ಬಾಯಿಬಿಟ್ಟು ಹೇಳುತ್ತಿತ್ತು. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ, 2002ರ ಅಂತ್ಯದಲ್ಲಿ ಆ ವಾಕ್ಯ ಅಳಿಯಿತು. ಹೇಲನ ಹೆಸರನ್ನು ನೆನಪಿನಲ್ಲಿಡಿ, ಮತ್ತೆ ಅವನ ಬಳಿಗೆ ಬರಬೇಕಾಗಿದೆ.

ಬೀದಿಯ ದನಿ ದೆಹಲಿಯನ್ನು ಮುಟ್ಟದೆ ಹೋಗಲಿಲ್ಲ. 1980ರ ಏಪ್ರಿಲ್‌ನಲ್ಲಿ ಕಾನೂನು ಆಯೋಗವು ತನ್ನ 84ನೆಯ ವರದಿಯನ್ನು ಕೊಟ್ಟಿತು. 1983ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಜಾರಿಗೆ ಬಂದಿತು. ಪೊಲೀಸರು, ಸರಕಾರಿ ನೌಕರರು, ಸೆರೆಮನೆ ಮತ್ತು ಆಸ್ಪತ್ರೆಗಳ ಆಡಳಿತದಲ್ಲಿರುವವರು ತಮ್ಮ ವಶದಲ್ಲಿರುವ ಸ್ತ್ರೀಯ ಮೇಲೆ ಈ ಅಪರಾಧ ಮಾಡಿದರೆ ಕನಿಷ್ಠ ಹತ್ತು ವರ್ಷದ ಶಿಕ್ಷೆ. ಇದಕ್ಕಿಂತ ಮಹತ್ತ್ವದ್ದು ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 114-ಎ ಎಂಬ ಕಲಮು. ಅಂಥ ಪ್ರಕರಣಗಳಲ್ಲಿ ಸಂಗವು ಸಿದ್ಧವಾಗಿ, ತಾನು ಒಪ್ಪಿರಲಿಲ್ಲವೆಂದು ಸ್ತ್ರೀ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಬೇರೆಯಾಗಿದ್ದರೆ ಅದನ್ನು ಸಾಧಿಸುವ ಭಾರ ಆರೋಪಿಯದು. ಅಧಿಕಾರವಿರುವಲ್ಲಿ ಮೌನಕ್ಕೆ ಬೇರೆ ಅರ್ಥವಿದೆಯೆಂದು ಈ ದೇಶದ ಶಾಸನವು ಮೊದಲ ಬಾರಿಗೆ ಒಪ್ಪಿಕೊಂಡ ಸ್ಥಳವಿದು. ನೊಂದವಳ ಗುರುತನ್ನು ಪ್ರಕಟಿಸಬಾರದು, ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯಬೇಕು ಎಂಬ ನಿಯಮಗಳೂ ಆಗಲೇ ಬಂದವು.

ಶಾಸನ ತಿದ್ದುವುದಕ್ಕಿಂತ ಮನಸ್ಸು ತಿದ್ದುವುದು ನಿಧಾನ. ಹರಿಯಾಣದಲ್ಲಿ ಪೊಲೀಸರೇ ಮಾಡಿದ ಇಂಥ ಅಪರಾಧದ ಮೇಲ್ಮನವಿಯಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಪರಾಧವನ್ನು ಎತ್ತಿಹಿಡಿದೂ, ಹುಡುಗಿಯ ನಡತೆಯ ಮಾತೆತ್ತಿ ಶಿಕ್ಷೆಯನ್ನು ಹತ್ತರಿಂದ ಐದು ವರ್ಷಕ್ಕೆ ಇಳಿಸಿತು. ಹೆಂಗಸರು ಮತ್ತೆ ಬೀದಿಗೆ ಬಂದರು.

ಅಧಿಕಾರವೆಂದರೆ ಠಾಣೆಯೊಂದೇ ಅಲ್ಲವೆಂಬುದನ್ನು ತೋರಿಸಿಕೊಟ್ಟವಳು ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ. ಆಕೆ ತನ್ನ ಹೆಸರನ್ನು ತಾನೇ ಮುಚ್ಚಿಡಲಿಲ್ಲವಾದ್ದರಿಂದ ನಾವೂ ಬರೆಯುತ್ತೇವೆ. ಕುಂಬಾರರ ಮನೆಯ ಹೆಣ್ಣುಮಗಳು. ಸರಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ‘ಸಾಥಿನ್’ ಎಂಬ ಕಾರ್ಯಕರ್ತೆ. ಊರಿನ ಬಲಾಢ್ಯರ ಮನೆಯ ಹಸುಗೂಸಿನ ಮದುವೆಯನ್ನು ತಡೆಯಹೋದಳು, ಅದು ಅವಳ ಕೆಲಸವೇ ಆಗಿತ್ತು. 1992ರ ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನ ಎದುರಿನಲ್ಲಿಯೇ ತನ್ನ ಮೇಲೆ ಸೇಡು ತೀರಿಸಿಕೊಂಡರೆಂದು ಆಕೆ ದೂರು ಕೊಟ್ಟಳು. 1995ರಲ್ಲಿ ಕೆಳಗಿನ ನ್ಯಾಯಾಲಯ ಬಲಾತ್ಕಾರದ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತು. ಸರಕಾರದ ಕೆಲಸ ಮಾಡಿದ್ದಕ್ಕೆ ಹೀಗಾದರೆ ದುಡಿಯುವ ಹೆಣ್ಣಿಗೆ ರಕ್ಷಣೆ ಏನು ಎಂದು ಮಹಿಳಾ ಸಂಘಟನೆಗಳು ‘ವಿಶಾಖಾ’ ಎಂಬ ಸಂಸ್ಥೆಯ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಪೀಠವು, ಸಂಸತ್ತು ಕಾನೂನು ಮಾಡುವವರೆಗೆ ಪ್ರತಿಯೊಂದು ಉದ್ಯೋಗಸ್ಥಳದಲ್ಲಿಯೂ ದೂರು ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಸ್ತ್ರೀಯದಾಗಿರಬೇಕು ಎಂಬ ಸೂತ್ರಗಳನ್ನು ಕೊಟ್ಟಿತು. ಸಂಸತ್ತಿನ ಕಾನೂನು ಬಂದದ್ದು 2013ರಲ್ಲಿ, ಹದಿನಾರು ವರ್ಷಗಳ ಮೇಲೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳೆಲ್ಲವೂ ಆಂತರಿಕ ಸಮಿತಿಯನ್ನು ರಚಿಸಬೇಕು. ಮಠಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆಗಳು ಇದಕ್ಕೆ ಹೊರತಲ್ಲವೆಂದು ಆಡಳಿತ ಮಂಡಳಿಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನೆನಪಿಸುತ್ತೇವೆ. ಸಮಿತಿಯ ಹೆಸರುಗಳನ್ನು ಗೋಡೆಗೆ ಹಾಕಿ ಕೈತೊಳೆದುಕೊಳ್ಳುವ ಪದ್ಧತಿಯನ್ನೂ ನಾವು ಬಲ್ಲೆವು.

2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದ ಘೋರಕೃತ್ಯವನ್ನು ವಿವರಿಸುವ ಅಗತ್ಯವಿಲ್ಲ. ಆಗ ಸರಕಾರ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ನಿವೃತ್ತರಾಗಿದ್ದ ಅದೇ ವರ್ಮಾ ಅವರು. ದೇಶದ ಉಚ್ಚ ನ್ಯಾಯಾಲಯವೊಂದರ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲೀಲಾ ಸೇಠ್ ಮತ್ತು ಹಿರಿಯ ವಕೀಲ ಗೋಪಾಲ ಸುಬ್ರಮಣಿಯಂ ಸದಸ್ಯರು. ಸುಮಾರು 80,000 ಸಲಹೆಗಳು ಬಂದವು. ಸಮಿತಿ 29 ದಿನಗಳಲ್ಲಿ ವರದಿ ಮುಗಿಸಿ 2013ರ ಜನವರಿ 23ರಂದು ಒಪ್ಪಿಸಿತು. ಆಳುವವರಿಗೆ ಮನಸ್ಸಿದ್ದರೆ ಕೆಲಸಕ್ಕೆ ಎಷ್ಟು ದಿನ ಬೇಕೆಂಬುದಕ್ಕೆ ಇದೊಂದು ಪ್ರಮಾಣ. ಆ ವರ್ಷದ ತಿದ್ದುಪಡಿಯು ಸಮ್ಮತಿಗೆ ನಿರ್ದುಷ್ಟ ಲಕ್ಷಣವೊಂದನ್ನು ಬರೆಯಿತು: ಮಾತು, ಹಾವಭಾವ ಇಲ್ಲವೆ ಬೇರಾವುದೇ ಸಂಜ್ಞೆಯಿಂದ ಸ್ತ್ರೀ ತನ್ನ ಇಚ್ಛೆಯನ್ನು ನಿಸ್ಸಂದಿಗ್ಧವಾಗಿ, ಸ್ವಯಂಪ್ರೇರಣೆಯಿಂದ ತಿಳಿಸುವುದು ಸಮ್ಮತಿ. ಅದಕ್ಕೆ ಒಂದು ಉಪವಾಕ್ಯವನ್ನೂ ಸೇರಿಸಿತು. ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣದಿಂದ ಆಕೆ ಒಪ್ಪಿದಳೆಂದು ಭಾವಿಸತಕ್ಕದ್ದಲ್ಲ. ದೇಸಾಯಿಗಂಜ್ ತೀರ್ಪನ್ನು ಓದಿದ ಮೇಲೆ ಈ ಉಪವಾಕ್ಯವನ್ನು ಓದಿದವರಿಗೆ, ಇದು ಯಾರಿಗೆ ಕೊಟ್ಟ ಉತ್ತರವೆಂದು ಬೇರೆ ಹೇಳಬೇಕಾಗಿಲ್ಲ. ಮೈಮೇಲಿನ ಗಾಯಗಳನ್ನು ಎಣಿಸಿ ಮನಸ್ಸನ್ನು ಅಳೆಯುವ ಪದ್ಧತಿ ಶಾಸನದ ಮಟ್ಟದಲ್ಲಿ ಅಂದು ಮುಗಿಯಿತು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅಂಶವಿದೆ, ಅದನ್ನು ನಾವು ದಾಟಿಹೋಗುವಂತಿಲ್ಲ. ಹೆಚ್ಚಿನ ಶಿಕ್ಷೆಗೆ ಗುರಿಯಾಗುವವರ ಪಟ್ಟಿಯಲ್ಲಿ ಪೊಲೀಸರೊಂದಿಗೆ ಬಂಧುಗಳು, ಪೋಷಕರು, ಅಧ್ಯಾಪಕರು ಹಾಗೂ ಸ್ತ್ರೀಯ ವಿಶ್ವಾಸಕ್ಕೋ ಅಧಿಕಾರಕ್ಕೋ ಪಾತ್ರರಾದ ಸ್ಥಾನದಲ್ಲಿರುವವರೆಲ್ಲರೂ ಸೇರಿದರು. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದು ಉಳಿದಿದೆ. ವಿಶ್ವಾಸದ ಸ್ಥಾನವೆಂದಾಗ ಗುರುಪೀಠ ಅದರಲ್ಲಿ ಬರುವುದಿಲ್ಲವೆಂದು ಯಾವ ಕಾವಿಧಾರಿಯೂ ವಾದಿಸಲಾರನು. ಪಾದಕ್ಕೆರಗಿದ ಭಕ್ತೆಗೆ, ನಿಲಯದಲ್ಲಿ ಊಟ ಮಾಡುವ ಬಾಲಕಿಗೆ ಗುರುವಿನ ಎದುರು ‘ಬೇಡ’ ಎನ್ನುವುದು ಠಾಣೆಯಲ್ಲಿ ಎನ್ನುವುದಕ್ಕಿಂತ ಕಷ್ಟವೆಂಬುದನ್ನು ನಾವು ಒಳಗಿದ್ದು ಬಲ್ಲೆವು. ಠಾಣೆಯಲ್ಲಿ ಭಯವೊಂದೇ ಇರುತ್ತದೆ. ಇಲ್ಲಿ ಭಯದೊಡನೆ ಭಕ್ತಿಯೂ ಕೂಡಿ ಬಾಯಿ ಕಟ್ಟುತ್ತದೆ. ಮಗಳು ಬಂದು ಹೇಳಿದರೆ ಮೊದಲು ಮಗಳನ್ನೇ ಗದರಿಸುವ ತಂದೆತಾಯಿಗಳು ಭಕ್ತರಲ್ಲಿ ಕಡಿಮೆಯೇನಿಲ್ಲ. ಇದು ಎಲ್ಲ ಮತಗಳ ಎಲ್ಲ ಪೀಠಗಳಿಗೂ ಅನ್ವಯಿಸುವ ಮಾತು, ಮತ್ತೊಬ್ಬರ ಪೀಠವನ್ನು ತೋರಿಸಿ ನಮ್ಮದನ್ನು ಬಿಡುವಂತಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 31,516 ಬಲಾತ್ಕಾರ ಪ್ರಕರಣಗಳು ದಾಖಲಾದವು. ವರ್ಷವರ್ಷದ ಸರಕಾರಿ ವರದಿಗಳನ್ನು ತೆರೆದು ನೋಡಿದರೆ ಬಹುಪಾಲು ಆರೋಪಿಗಳು ನೊಂದವಳಿಗೆ ಪರಿಚಿತರೇ: ನೆರೆಯವರು, ನೆಂಟರು, ಯಜಮಾನರು.

ಇನ್ನು ಹೇಲನ ಮಾತು. ಮದುವೆಯಾದ ಹೆಣ್ಣು ಒಮ್ಮೆ ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯಲಾರಳು, ಆದ್ದರಿಂದ ಪತಿ ಈ ಅಪರಾಧದ ದೋಷಿಯಾಗಲಾರನು ಎಂದು ಬರೆದವನೂ ಅವನೇ. ನಮ್ಮ ದಂಡಸಂಹಿತೆಯಲ್ಲಿ ಇದು ವಿನಾಯಿತಿಯಾಗಿ ನಿಂತಿತು. ಇಂಗ್ಲೆಂಡಿನ ಪ್ರಭುಸಭೆಯೇ 1991ರಲ್ಲಿ ಹೇಲನ ಸಿದ್ಧಾಂತವನ್ನು ಕೈಬಿಟ್ಟಿತು. ವರ್ಮಾ ಸಮಿತಿಯು ಈ ವಿನಾಯಿತಿಯನ್ನು ತೆಗೆದುಹಾಕಬೇಕೆಂದಿತು, ಸರಕಾರ ಒಪ್ಪಲಿಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹದಿನೆಂಟು ತುಂಬದ ಪತ್ನಿಯನ್ನು ಅದರಿಂದ ಹೊರಗಿಟ್ಟಿತು. 2022ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಒಬ್ಬ ಪತಿಯ ಮೇಲಿನ ಬಲಾತ್ಕಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿ, ಗಂಡನೇ ಆಗಲಿ ಬೇರೆಯವನೇ ಆಗಲಿ ಕೃತ್ಯ ಅದೇ ಕೃತ್ಯವೆಂಬ ನಿಲುವು ತಾಳಿದರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಹೊಸ ಸಂಹಿತೆಯನ್ನು ಬರೆದವರು ಅದರ 63ನೆಯ ಕಲಮಿನಲ್ಲಿ ವಿನಾಯಿತಿಯನ್ನು ಹಾಗೆಯೇ ಇಟ್ಟರು. ಸಮ್ಮತಿಯ ಲಕ್ಷಣವೂ, ಪ್ರತಿಭಟಿಸದಿದ್ದರೆ ಒಪ್ಪಿದಂತಲ್ಲವೆಂಬ ಉಪವಾಕ್ಯವೂ ಅದೇ ಕಲಮಿನಲ್ಲಿಯೇ ಇವೆ.